ಗಡಿನಾಡಿನ ವಿದ್ಯಾರ್ಥಿ ಕಲಿಯುವ ಬಗೆ



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕೃತಿಯನ್ನೋ ಆರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನು ಈ ಸಲ ಎದುರಿಗೆ ಕೂತಿರುವ ವಿದ್ಯಾರ್ಥಿಗಳಾದ ನಿಮ್ಮನ್ನೇ ವಿಷಯ ಮಾಡಿಕೊಂಡಿದ್ದೇನೆ. ಕಾಲೇಜು ಮೆಟ್ಟಿಲು ಹತ್ತಿದ ಹುಡುಗನೋ ಹುಡುಗಿಯೋ ಪಾಠವನ್ನು ಹೇಗೆ ಹಿಡಿಯುತ್ತಾರೆ, ಆ ಹಿಡಿಯುವ ಬಗೆಯಲ್ಲಿ ಅವರ ಮನೆ, ಊರು, ಭಾಷೆಗಳ ಪಾಲೆಷ್ಟು ಎಂಬುದು ಇಂದಿನ ವಿಚಾರ. ಇದು ಸಮುದ್ರದಂಥ ವಿಷಯ. ಆದ್ದರಿಂದ ಎಲ್ಲೆ ಹಾಕಿಕೊಳ್ಳುತ್ತೇನೆ. ಸೊಲ್ಲಾಪುರ ನಗರ, ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲ್ಲೂಕುಗಳಲ್ಲಿ ಮನೆಮಾತು ಕನ್ನಡವಾಗಿರುವ ಪದವಿ ವಿದ್ಯಾರ್ಥಿಗಳಷ್ಟೇ ನನ್ನ ಕಣ್ಣ ಮುಂದಿರುವವರು. ಈ ತಾಲ್ಲೂಕುಗಳು ಯಾವ ರಾಜ್ಯಕ್ಕೆ ಸೇರಬೇಕಿತ್ತು, 1967ರ ಮಹಾಜನ ವರದಿ ಏನು ಹೇಳಿತು ಎಂಬ ಚರ್ಚೆಗೆ ಬೇರೆ ವೇದಿಕೆಗಳಿವೆ, ಅಲ್ಲಿ ಮಾತಾಡುವವರೂ ಬೇಕಾದಷ್ಟು ಜನ ಇದ್ದಾರೆ.

ಅಧ್ಯಾಪಕರ ಕೋಣೆಯಲ್ಲಿ ಚಹಾದ ಹೊತ್ತಿಗೆ ಒಂದು ಮಾತು ತಪ್ಪದೆ ಬರುತ್ತದೆ: "ಹಳ್ಳಿಯಿಂದ ಬಂದ ಹುಡುಗರು ಬಾಯಿಪಾಠ ಮಾಡ್ತಾರ, ವಿಚಾರ ಮಾಡಂಗಿಲ್ಲ. ಅವರ ಸಂಸ್ಕೃತಿನೇ ಹಂಗದ." ಈ ಮಾತಿನ ಮೊದಲರ್ಧವನ್ನು ನಾನು ಅಲ್ಲಗಳೆಯುವುದಿಲ್ಲ. ಹೌದು, ಬಾಯಿಪಾಠ ಮಾಡುತ್ತಾರೆ. ಎರಡನೆಯ ಅರ್ಧವನ್ನು ಮಾತ್ರ ಒಪ್ಪಲಾರೆ. ಈ ಸೀಮೆಯ ಸಂಸ್ಕೃತಿ ಬಾಯಿಪಾಠವನ್ನು ವಾದಕ್ಕಾಗಿಯೇ ಬೆಳೆಸಿತು. ಬಾಯಿಪಾಠದಿಂದ ವಾದವನ್ನು ಬೇರ್ಪಡಿಸಿದ್ದು ಶಾಲೆ ಕಾಲೇಜುಗಳಲ್ಲಿ ನಾವು ಕಟ್ಟಿಟ್ಟ ಭಾಷೆಯ ಮೆಟ್ಟಿಲುಗಳು ಮತ್ತು ಪರೀಕ್ಷೆ. ಇದಿಷ್ಟನ್ನು ತೋರಿಸಲು ಈ ಹೊತ್ತು ಪ್ರಯತ್ನಿಸುತ್ತೇನೆ.

ಮೊದಲು, ವಿದ್ವಾಂಸರು ಏನು ಹೇಳಿದ್ದಾರೆ ಎಂಬುದನ್ನು ಚುಟುಕಾಗಿ ನೋಡೋಣ.

1976ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸೆಲ್ಯೊ ತಮ್ಮ ಅಧ್ಯಯನವೊಂದನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಕೈಗೆ ಒಂದು ಲೇಖನ ಕೊಟ್ಟು ಓದಿಸಿ, ಏನು ತಿಳಿಯಿತು, ಹೇಗೆ ಓದಿದಿರಿ ಎಂದು ವಿಚಾರಿಸಿದ್ದರು. ಮುಂದೆ ಏನು ಕೇಳುತ್ತಾರೋ ಎಂಬ ಅಂಜಿಕೆಯಲ್ಲಿ ಕೆಲವರು ಪಠ್ಯದ ಮಾತುಗಳನ್ನೇ ನೆನಪಿಡಲು ಹೆಣಗಿದ್ದರು. ಇನ್ನು ಕೆಲವರು ಬರೆದವನು ಹೇಳಹೊರಟಿದ್ದೇನು ಎಂದು ಹುಡುಕಿದ್ದರು. ಮೊದಲನೆಯದಕ್ಕೆ ಮೇಲ್ಪದರದ ಕಲಿಕೆ, ಎರಡನೆಯದಕ್ಕೆ ಆಳದ ಕಲಿಕೆ ಎಂಬ ಹೆಸರು ನಿಂತಿತು. ಒಬ್ಬನೇ ವಿದ್ಯಾರ್ಥಿ ಒಂದು ವಿಷಯದಲ್ಲಿ ಆಳಕ್ಕಿಳಿದು ಇನ್ನೊಂದರಲ್ಲಿ ಮೇಲ್ಪದರದಲ್ಲೇ ಉಳಿಯಬಹುದು. ಅದು ಹುಟ್ಟುಗುಣವಲ್ಲ, ಸಂದರ್ಭಕ್ಕೆ ಅವನು ಕೊಡುವ ಉತ್ತರ. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಒಂದು ತೊಡಕು ಎದ್ದಿತು. ಚೀನಾ, ಹಾಂಗ್‌ಕಾಂಗ್‌ಗಳ ವಿದ್ಯಾರ್ಥಿಗಳು ಬರೀ ಉರು ಹೊಡೆಯುತ್ತಾರೆ ಎಂಬ ದೂರು ಪಶ್ಚಿಮದ ಅಧ್ಯಾಪಕರದು. ಅದೇ ವಿದ್ಯಾರ್ಥಿಗಳು ಗಣಿತ, ವಿಜ್ಞಾನಗಳ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ ಮುಂದೆ ಬರುತ್ತಿದ್ದರು. ಬರೀ ಉರು ಹೊಡೆದವರು ಮುಂದೆ ಬರುವುದು ಹೇಗೆ? 1996ರಲ್ಲಿ ಡೇವಿಡ್ ವಾಟ್ಕಿನ್ಸ್ ಮತ್ತು ಜಾನ್ ಬಿಗ್ಸ್ ಸಂಪಾದಿಸಿದ ‘ದ ಚೈನೀಸ್ ಲರ್ನರ್’ ಎಂಬ ಪುಸ್ತಕ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಅಲ್ಲಿಯ ಅಧ್ಯಯನಗಳಿಂದ ಹೊರಬಂದ ಸಂಗತಿ ನಮ್ಮ ಹಳೆಯ ಪಂತೋಜಿಗಳಿಗೆ ಹೊಸದಾಗಿ ಕಾಣುತ್ತಿರಲಿಲ್ಲ: ಮತ್ತೆ ಮತ್ತೆ ಹೇಳಿಕೊಳ್ಳುವುದೇ ಅರ್ಥದ ಒಳಗೆ ಹೋಗುವ ದಾರಿಯೂ ಆಗಬಹುದು. ನೆನಪು ಮತ್ತು ತಿಳಿವಳಿಕೆ ಎದುರಾಳಿಗಳೆಂಬುದು ಎಲ್ಲ ಕಡೆಯ ಸತ್ಯವಲ್ಲ.

ಚೀನಾ ಎಂದಾಗ ಸೊಲ್ಲಾಪುರದವರಿಗೆ ಡಾ. ದ್ವಾರಕಾನಾಥ ಕೋಟಣೀಸರು ನೆನಪಾಗದೆ ಇರುವುದಿಲ್ಲ. 1910ರಲ್ಲಿ ಈ ಊರಲ್ಲಿ ಹುಟ್ಟಿ, 1938ರಲ್ಲಿ ವೈದ್ಯರ ತಂಡದೊಡನೆ ಅಲ್ಲಿಗೆ ಹೋದವರು. ಗಾಯಾಳುಗಳ ನಡುವೆ ದುಡಿಯುತ್ತಲೇ ಅಲ್ಲಿಯ ಭಾಷೆ ಕಲಿತು, ಅಲ್ಲಿಯವರಿಗೆ ವೈದ್ಯ ಕಲಿಸಿ, 1942ರಲ್ಲಿ ಅಲ್ಲೇ ತೀರಿಕೊಂಡರು. ಕೆಲಸವೇ ತರಗತಿಯಾದಾಗ ದೊಡ್ಡ ವಯಸ್ಸಿನಲ್ಲೂ ಭಾಷೆ ಎಷ್ಟು ಬೇಗ ಒಲಿಯುತ್ತದೆ ಎಂಬುದಕ್ಕೆ ಅವರಿಗಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಹಾಗೆಂದು ಚೀನಾದ ಮಾತನ್ನು ತಂದು ಅಕ್ಕಲಕೋಟೆಗೆ ಅಂಟಿಸಿಬಿಡುವುದು ಸರಿಯಲ್ಲ. ‘ಏಷ್ಯಾದ ವಿದ್ಯಾರ್ಥಿ’ ಎಂಬ ಒಬ್ಬ ವ್ಯಕ್ತಿ ಎಲ್ಲೂ ಇಲ್ಲ. ಆದ್ದರಿಂದ ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಈ ಭೀಮಾ ತೀರದಲ್ಲಿ ಶಾಲೆಯ ಹೊರಗೆ ಜನ ಹೇಗೆ ಕಲಿತರು?

ಹರದೇಶಿ ನಾಗೇಶಿ ಹಾಡಿಕೆಯನ್ನು ನಿಮ್ಮಲ್ಲಿ ಹಲವರು ಜಾತ್ರೆಯಲ್ಲಿ ಕೇಳಿರುತ್ತೀರಿ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಸೀಮೆಗೆ ಇದು ಸಮಾನ ಆಸ್ತಿ. ಮರಾಠಿಯ ಕಲ್ಗಿ ತುರಾ ಇದರ ಒಡಹುಟ್ಟು. ಎರಡು ಮೇಳಗಳು, ಒಂದು ಶಿವನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಸವಾಲು ಜವಾಬು. ಹಾಡುವವರಲ್ಲಿ ಶಾಲೆ ಕಂಡವರು ಕಡಿಮೆ. ಆದರೂ ಪುರಾಣದ ಪ್ರಸಂಗಗಳು, ಲಾವಣಿಯ ನುಡಿಗಳು ಲೆಕ್ಕವಿಲ್ಲದಷ್ಟು ಅವರ ನಾಲಿಗೆಯ ಮೇಲಿರುತ್ತವೆ. ಯಾಕೆ? ಎದುರು ಮೇಳದವರು ಯಾವ ಪ್ರಶ್ನೆ ಒಗೆಯುತ್ತಾರೋ ಗೊತ್ತಿಲ್ಲ. ಪ್ರಶ್ನೆ ಬಿದ್ದ ಕೂಡಲೇ ನೆನಪಿನಿಂದ ತಕ್ಕದ್ದನ್ನು ಎಳೆದು, ಅದಕ್ಕೆ ತನ್ನದೊಂದು ತಿರುವು ಕೊಟ್ಟು, ತಾಳ ತಪ್ಪದೆ ಉತ್ತರಿಸಬೇಕು. ಕಂಠಸ್ಥ ಮಾಡಿದ್ದನ್ನು ಹಾಗೇ ಒಪ್ಪಿಸಿದವನು ಸೋಲುತ್ತಾನೆ, ನೆರೆದ ಜನ ನಗುತ್ತಾರೆ. ಹೊಳೆಯ ಆಚೆಯ ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಬೆಳೆದದ್ದು ಈ ವಾತಾವರಣದಲ್ಲಿ. ಮೇಲ್ಪದರ, ಆಳ ಎಂಬ ಎರಡು ಗೂಡುಗಳಲ್ಲಿ ಈ ಕಲಿಕೆಯನ್ನು ಎಲ್ಲಿಡುತ್ತೀರಿ?

ಅದೇ ಹಲಸಂಗಿಯ ಇನ್ನೊಂದು ಉದಾಹರಣೆಯೂ ಉಂಟು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಹಲಸಂಗಿ ಗೆಳೆಯರು. ವಿಶ್ವವಿದ್ಯಾಲಯ ಕಾಣದ ಹಳ್ಳಿಯ ತರುಣರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ತಂದರು. ಮಧುರಚೆನ್ನರು ಮುಲ್ಕಿ ಪರೀಕ್ಷೆಯ ಮೇಲೆ ಶಾಲೆಗೆ ಹೋದವರಲ್ಲ. ಮುಂದಿನ ಓದೆಲ್ಲ ಸ್ವಂತದ್ದು, ಗೆಳೆಯರ ಜೊತೆಗಿನದು. ಇಂದು ಶಿಕ್ಷಣಶಾಸ್ತ್ರದ ಪುಸ್ತಕಗಳು ಗುಂಪು ಕಲಿಕೆ ಎಂದು ಅಧ್ಯಾಯ ಬರೆಯುವುದನ್ನು ಅವರು ಹೊಲದ ಬದುವಿನ ಮೇಲೆ ಮಾಡಿಬಿಟ್ಟಿದ್ದರು.

ಇನ್ನು ಸೊಲ್ಲಾಪುರದ ಒಡೆಯ ಸಿದ್ಧರಾಮನ ವಿಷಯ. ಕೆರೆ ಕಟ್ಟಿಸಿದ ಶರಣ, ಕಾಯಕಯೋಗಿ ಎಂದು ಅವನನ್ನು ಪೂಜಿಸುತ್ತೇವೆ. ಶೂನ್ಯಸಂಪಾದನೆಯಲ್ಲಿ ಅವನು ನನಗೆ ಕಾಣುವುದು ವಿದ್ಯಾರ್ಥಿಯಾಗಿ. ಸೊನ್ನಲಿಗೆಗೆ, ಅಂದರೆ ಇದೇ ಸೊಲ್ಲಾಪುರಕ್ಕೆ, ಬಂದ ಅಲ್ಲಮ ಉಪದೇಶ ಮಾಡುವುದಿಲ್ಲ, ಕೆಣಕುತ್ತಾನೆ. ಒಡ್ಡರಾಮ ಎಂದು ಹಂಗಿಸುತ್ತಾನೆ. ಕೆರೆಯ ಕೆಲಸದ ಆಳುಗಳು ಕಲ್ಲು ಬೀರುವಷ್ಟು ಸಿಟ್ಟಾಗುತ್ತಾರೆ. ಸಿದ್ಧರಾಮನೂ ಸುಲಭಕ್ಕೆ ಬಗ್ಗುವವನಲ್ಲ. ಮಾತಿಗೆ ಮಾತು ಬೆಳೆದು, ತಾನು ನಂಬಿದ್ದನ್ನು ತಾನೇ ತಿರುಗಿಸಿ ನೋಡುವ ಹಂತಕ್ಕೆ ಅವನು ಬರುತ್ತಾನೆ. ಮುಂದೆ ಕಲ್ಯಾಣದಲ್ಲಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಈ ಸಂವಾದಗಳನ್ನು ಮೊದಲು ಪೋಣಿಸಿದಾಗ, ಗುರುವಿನ ಎದುರು ಬಾಯಿ ತೆರೆಯಬಾರದು ಎಂಬ ನಿಯಮ ಅವನಿಗೆ ಗೊತ್ತಿದ್ದಂತಿಲ್ಲ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಪ್ರತಿ ಬಸವ ಜಯಂತಿಗೆ ನಾವು ಅನುಭವ ಮಂಟಪವನ್ನು ಹೊಗಳುತ್ತೇವೆ. ಮರುದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು "ಇದು ಹ್ಯಾಂಗ್ರಿ ಸರ್?" ಎಂದರೆ ಪಾಠ ಮುಗಿಸುವ ಅವಸರದಲ್ಲಿ ಕೂಡಿಸುತ್ತೇವೆ. ಮಠದ ಶ್ರಾವಣದ ಪ್ರವಚನಗಳೂ ಕಾಲಕ್ರಮೇಣ ಒಬ್ಬರು ಹೇಳಿ ಉಳಿದವರು ಕೇಳುವ ಕಾರ್ಯಕ್ರಮಗಳಾದವು. ಸಂಸ್ಕೃತಿ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಜನವರಿಯ ಗಡ್ಡಾ ಯಾತ್ರೆಗೆ ಮುಂಚೆ ತರುಣರು ಏಳು ನಂದಿಧ್ವಜಗಳನ್ನು ಹೊರುವ ತಾಲೀಮು ಮಾಡುವುದನ್ನು ನೋಡಿದ್ದೀರಿ. ಭಾರ ಎಲ್ಲಿ ಕೂಡಬೇಕು, ಹೆಜ್ಜೆ ಯಾವಾಗ ಸರಿಯಬೇಕು ಎಂಬುದನ್ನು ಹಿರಿಯನ ಪಕ್ಕ ನಿಂತು ಮೈಯೇ ಕಲಿಯುತ್ತದೆ. ಸೊಗಸಾದ ಪಾಠಶಾಲೆ ಅದು. ಹೆಣ್ಣುಮಕ್ಕಳು ಮಾತ್ರ ಆ ಪಾಠಶಾಲೆಯ ಹೊರಗೇ ನಿಲ್ಲುತ್ತಾರೆ. ಕಾಲೇಜಿನಲ್ಲೂ ಹಳ್ಳಿಯ ಹುಡುಗಿ ಗ್ರಂಥಾಲಯ ಬಿಡುವುದು ಪುಸ್ತಕ ಮುಗಿದಾಗಲ್ಲ, ಊರಿನ ಬಸ್ಸಿನ ಹೊತ್ತಿಗೆ. ಅವಳ ಓದು ಬಸ್ಸಿನ ವೇಳಾಪಟ್ಟಿಯನ್ನು ನೋಡಿಕೊಂಡು ರೂಪುಗೊಳ್ಳುತ್ತದೆ. ಝೆರಾಕ್ಸ್ ಮಾಡಿಸಿದ ನೋಟ್ಸು ಅವಳಿಗೆ ಸೋಮಾರಿತನದ ಆಯ್ಕೆಯಲ್ಲ. ನಗರದ ಪೂರ್ವ ಭಾಗದ ಪದ್ಮಶಾಲಿ ಮನೆಗಳಲ್ಲಿ ತಾಯಿಯ ಜೊತೆ ಬೀಡಿ ಕಟ್ಟುತ್ತ ಓದುವ ತೆಲುಗು ಹುಡುಗಿಯರ ಪಾಡೂ ಇದಕ್ಕೆ ದೂರವಲ್ಲ.

ಈಗ ಮೂರನೆಯ ಭಾಗ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋದ ಮಗುವನ್ನು ಕಲ್ಪಿಸಿಕೊಳ್ಳಿ. ಕೈಯಲ್ಲಿ ಬಾಲಭಾರತಿಯ ಕನ್ನಡ ಪುಸ್ತಕಗಳು. ಪುಣೆಯ ಈ ಪಠ್ಯಪುಸ್ತಕ ಮಂಡಳಿ 1967ರಿಂದ ಮರಾಠಿಯ ಜೊತೆಗೆ ಕನ್ನಡ, ಉರ್ದು, ತೆಲುಗು, ಗುಜರಾತಿ, ಸಿಂಧಿಗಳಂಥ ಭಾಷೆಗಳಲ್ಲೂ ಪುಸ್ತಕ ಮಾಡುವ ಪದ್ಧತಿ ಬೆಳೆಸಿದೆ. ಅದು ಮೆಚ್ಚಬೇಕಾದ ಕೆಲಸ. ನಾಲ್ಕನೆಯ ತರಗತಿಯ ಮಗು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತದೆ. ಜೊತೆಗೆ ಮರಾಠಿ, ಇಂಗ್ಲಿಷ್, ಆಮೇಲೆ ಹಿಂದಿ. ಮೂರು ಲಿಪಿಗಳಲ್ಲಿ ಓಡಾಡುವ ಈ ಮಗು ಬೆಂಗಳೂರಿನ ಮಗುವಿಗಿಂತ ಭಾಷೆಯಲ್ಲಿ ಶ್ರೀಮಂತ. ಹತ್ತನೆಯ ತರಗತಿಯ ತನಕ ಅದು ಇತಿಹಾಸವನ್ನೂ ವಿಜ್ಞಾನವನ್ನೂ ಕನ್ನಡದಲ್ಲೇ ಯೋಚಿಸುತ್ತದೆ, ಕನ್ನಡದಲ್ಲೇ ಬರೆಯುತ್ತದೆ.

ಹನ್ನೊಂದಕ್ಕೆ ಬಂದೊಡನೆ ಮೆಟ್ಟಿಲು ಮುರಿಯುತ್ತದೆ. ವಿಜ್ಞಾನಕ್ಕೆ ಹೋದರೆ ಇಂಗ್ಲಿಷ್. ಕಲೆ, ವಾಣಿಜ್ಯಗಳಿಗೆ ಹೋದರೆ ಬಹುಪಾಲು ಮರಾಠಿ. ಕನ್ನಡ ಒಂದು ಭಾಷಾವಿಷಯವಾಗಿ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹದಿನಾರರ ವಯಸ್ಸಿನಲ್ಲಿ, ತನ್ನದೇ ವಾಕ್ಯಗಳಲ್ಲಿ ಒಂದು ವಿಚಾರವನ್ನು ಬೆಳೆಸುವ ಶಕ್ತಿ ಆಗಷ್ಟೇ ಚಿಗುರುವ ಹೊತ್ತಿಗೆ, ಅವನ ವಾಕ್ಯವನ್ನು ಕಸಿದುಕೊಂಡ ಹಾಗಾಗುತ್ತದೆ. ಅರ್ಥಶಾಸ್ತ್ರದ ಪಾಠ ಕೇಳಿದ ಇಂಥ ಹುಡುಗನನ್ನು ತಿಳಿಯಿತೇ ಎಂದು ಕೇಳಿದರೆ ಬರುವ ಉತ್ತರ ನನಗೆ ಕಂಠಪಾಠವಾಗಿಬಿಟ್ಟಿದೆ: "ತಿಳದೈತ್ರಿ ಸರ್, ಖರೆ ಬರಿಲಿಕ್ಕೆ ಬರವಲ್ದು."

ಆ ಉತ್ತರವನ್ನು ಬಿಡಿಸಿ ನೋಡಿ. ತಿಳಿದದ್ದು ನಿಜ. ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಗೆಳೆಯರಿಗೆ ಅದೇ ಪಾಠವನ್ನು ಅವನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ. ಬೇಡಿಕೆ ಪೂರೈಕೆಗೆ ತಮ್ಮೂರಿನ ತೊಗರಿಯ ದರ, ಸೊಲ್ಲಾಪುರ ಮಾರುಕಟ್ಟೆಯ ಉಳ್ಳಾಗಡ್ಡಿಯ ದರ ಕೊಟ್ಟು ವಿವರಿಸುತ್ತಾನೆ. ಮಾರ್ಟನ್ ಮತ್ತು ಸೆಲ್ಯೊ ಆ ಗಿಡದ ಕೆಳಗೆ ಕೂತಿದ್ದರೆ ಆಳದ ಕಲಿಕೆಗೆ ಇದೇ ಸಾಕ್ಷಿ ಎಂದು ಬರೆದುಕೊಳ್ಳುತ್ತಿದ್ದರು. ಗಂಟೆ ಹೊಡೆದ ಮೇಲೆ ಅದನ್ನೇ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆ ಎಂದರೆ ಸ್ವಂತ ವಾಕ್ಯ ಕಟ್ಟಲು ಧೈರ್ಯ ಸಾಲದು. ವ್ಯಾಕರಣ ತಪ್ಪಿದರೆ ಅಂಕ ಹೋಗುತ್ತದೆ, ಪಕ್ಕದವರು ನಗುತ್ತಾರೆ. ಗೈಡಿನ ವಾಕ್ಯ ತಪ್ಪಿಲ್ಲದ್ದು, ಅಪಾಯವಿಲ್ಲದ್ದು. ಅದನ್ನು ಬಾಯಿಪಾಠ ಮಾಡುತ್ತಾನೆ. ನಾವು ಅಧ್ಯಾಪಕರ ಕೋಣೆಯಲ್ಲಿ ಕೂತು ಅವನ ಸಂಸ್ಕೃತಿಯ ಮೇಲೆ ತೀರ್ಪು ಕೊಡುತ್ತೇವೆ. ಬೇರೆಯವರ ವಾಕ್ಯವನ್ನು ಎರವಲು ತರುವಂತೆ ಮಾಡಿದ್ದು ನಮ್ಮ ಏರ್ಪಾಡು.

ಇಲ್ಲಿ ನೀವು ಕೇಳಬಹುದು: ಈ ಗಡಿಯನ್ನು ಸರಾಗವಾಗಿ ದಾಟಿದವರು ಇಲ್ಲವೇ? ಇದ್ದಾರೆ. ಇದೇ ಊರಿನ ಇಬ್ಬರನ್ನು ಹೆಸರಿಸಬಹುದು, ಒಬ್ಬರು ಹುಟ್ಟಿನಿಂದ, ಇನ್ನೊಬ್ಬರು ನೌಕರಿಯಿಂದ. ಜಯದೇವಿತಾಯಿ ಲಿಗಾಡೆಯವರು 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ಸ್ವಂತ ಪರಿಶ್ರಮದಿಂದ ಸಾಧಿಸಿಕೊಂಡು, ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಪುರಾಣವನ್ನೇ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಅವರು ಆರಿಸಿಕೊಂಡ ಛಂದಸ್ಸು ಬೀಸುಕಲ್ಲಿನ ಮುಂದೆ ಎಲ್ಲರ ಕಿವಿಗೂ ಬಿದ್ದ ತ್ರಿಪದಿ ಎಂಬುದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಶಾಲೆ ಕೊಡದ ಭಾಷೆಯನ್ನು ಕಿವಿ ಮೊದಲೇ ಕೂಡಿಟ್ಟಿರುತ್ತದೆ. ಇನ್ನೊಬ್ಬರು ದ. ರಾ. ಬೇಂದ್ರೆ. ಮನೆಮಾತು ಮರಾಠಿ, ಕಾವ್ಯದ ಮಾತು ಧಾರವಾಡದ ಬೀದಿಯ ಕನ್ನಡ. 1944ರಿಂದ 1956ರ ತನಕ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರು ಇಲ್ಲಿದ್ದಾಗಲೇ, 1950ರಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಿನಲ್ಲಿ ನಡೆಯಿತು.

ಆದರೆ ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಬೇಂದ್ರೆಯವರ ಹೆಸರಿನ ಬಡಿಗೆಯಿಂದ ಹುಡುಗರನ್ನು ಹೊಡೆಯಬೇಡಿ. ಮೂರು ಗಂಟೆಯ ಪರೀಕ್ಷೆಯಲ್ಲಿ ಗಡಿ ದಾಟಿ ತೋರಿಸು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡೂ ಭಾಷೆಗಳಲ್ಲಿ ತಪ್ಪು ಮಾಡುತ್ತ ಮಾತಾಡಲು ಅವರಿಗೆ ವರ್ಷಗಟ್ಟಲೆ ಅವಕಾಶವಿತ್ತು.

ಪರೀಕ್ಷೆಯ ಹೆಸರು ಬಂತು. ಈ ಕೊನೆಯ ಭಾಗವನ್ನು ಬೇಗ ಮುಗಿಸುತ್ತೇನೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿಯಲ್ಲಿ ಹುಟ್ಟಿದಾಗ ಅದು ಪಾಠ ಹೇಳುವ ಸಂಸ್ಥೆಯಾಗಿರಲಿಲ್ಲ. ಪಾಠ ಕಾಲೇಜಿನದು, ಪರೀಕ್ಷೆ ವಿಶ್ವವಿದ್ಯಾಲಯದ್ದು. ವಿದ್ಯಾರ್ಥಿಯನ್ನು ಎಂದೂ ನೋಡದವರು ಪ್ರಶ್ನೆ ತೆಗೆಯುವುದು, ಎಂದೂ ನೋಡದವರೇ ಉತ್ತರ ತಿದ್ದುವುದು. ಪರಿಚಯವಿಲ್ಲದ ಓದುಗನಿಗಾಗಿ ಬರೆಯುವವನು ಸುರಕ್ಷಿತವಾದದ್ದನ್ನೇ ಬರೆಯುತ್ತಾನೆ. ಶಿಕ್ಷಣತಜ್ಞ ಕೃಷ್ಣಕುಮಾರ್ ಅವರು ನಮ್ಮ ಪಠ್ಯಪುಸ್ತಕ ಸಂಸ್ಕೃತಿಯ ಬೇರುಗಳನ್ನು ವಸಾಹತು ಕಾಲದ ಈ ವ್ಯವಸ್ಥೆಯಲ್ಲೇ ಹುಡುಕಿದ್ದಾರೆ. ಮುಂದೆ ಸೊಲ್ಲಾಪುರದ ಕಾಲೇಜುಗಳು ಮುಂಬಯಿಯಿಂದ ಪುಣೆಗೆ, ಪುಣೆಯಿಂದ 1962ರಲ್ಲಿ ಹುಟ್ಟಿದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದವು. 2004ರಲ್ಲಿ ಈ ಒಂದೇ ಜಿಲ್ಲೆಗಾಗಿ ಸೊಲ್ಲಾಪುರ ವಿಶ್ವವಿದ್ಯಾಲಯ ಬಂತು. ಈಗ ಅದಕ್ಕೆ ಅಹಿಲ್ಯಾದೇವಿ ಹೋಳಕರರ ಹೆಸರಿದೆ. ಪರೀಕ್ಷಕ ಹತ್ತಿರ ಹತ್ತಿರ ಬಂದ. ನಾಲ್ಕು ಭಾಷೆಗಳ ಈ ಊರಿನ ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ವಿಶ್ವವಿದ್ಯಾಲಯ ಎಂಬುದೇ ಇದರ ದೊಡ್ಡ ಅನುಕೂಲ. ಆ ಅನುಕೂಲವನ್ನು ಇನ್ನೂ ಪೂರ್ತಿ ಬಳಸಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದಲ್ಲಿ ಮಾತೃಭಾಷೆಗೆ, ಸ್ಥಳೀಯ ಭಾಷೆಗೆ ಜಾಗ ಕೊಡಬೇಕೆನ್ನುತ್ತದೆ. ಆದರೆ ರಾಜ್ಯಗಳಲ್ಲಿ ಅದು ಜಾರಿಗೆ ಬರುವುದು ರಾಜ್ಯದ ದೊಡ್ಡ ಭಾಷೆಯ ರೂಪದಲ್ಲಿ. ಇಲ್ಲಿ ಅದು ಮರಾಠಿ. ಗಡಿಯ ಮಗುವಿಗೆ ‘ಸ್ಥಳೀಯ ಭಾಷೆ’ ಎಂಬ ಹೆಸರಿನಲ್ಲಿ ಬರುವುದು ಎಷ್ಟೋ ಸಲ ಎರಡನೆಯ ಭಾಷೆಯೇ. ಕನ್ನಡ ಮಾಧ್ಯಮದ ಪದವಿ ಬೇಕೆಂದು ನಾನು ಇಲ್ಲಿ ಬೇಡಿಕೆ ಇಡುತ್ತಿಲ್ಲ. ಅದಕ್ಕೆ ತಕ್ಕ ಪುಸ್ತಕಗಳು, ಅಧ್ಯಾಪಕರು ನಾಳೆಯೇ ಸಿಗುವುದಿಲ್ಲ. ಮರಾಠಿಯನ್ನು ಗಟ್ಟಿಯಾಗಿ ಕಲಿಯದೆ ಈ ಮಕ್ಕಳ ಬದುಕೂ ನಡೆಯುವುದಿಲ್ಲ. ಸ್ಪರ್ಧಾ ಪರೀಕ್ಷೆಗಾಗಿ ಅಭ್ಯಾಸಿಕೆಗಳೆಂಬ ಓದುಕೋಣೆಗಳಲ್ಲಿ ಬೆಳಗಿನಿಂದ ರಾತ್ರಿಯ ತನಕ ಕೂರುವವರಿಗೆ ಇದು ಚೆನ್ನಾಗಿ ಗೊತ್ತು.

ನಾನು ಕೇಳುವುದು ಸಣ್ಣದು, ಕಾಲೇಜಿನ ಕೈಯಲ್ಲೇ ಇರುವಂಥದ್ದು. ಸೆಮಿಸ್ಟರಿನ ಆಂತರಿಕ ಮೌಲ್ಯಮಾಪನದ ಒಂದು ಪಾಲನ್ನು ಮೌಖಿಕವಾಗಿ ಮಾಡಿ. ವಿದ್ಯಾರ್ಥಿ ಮೊದಲು ತನ್ನ ಮನೆಮಾತಿನಲ್ಲಿ, ಕನ್ನಡದಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ, ಪಾಠವನ್ನು ವಿವರಿಸಲಿ. ಆ ಭಾಷೆ ಬಲ್ಲ ಅಧ್ಯಾಪಕರು ಈ ಊರಿನ ಪ್ರತಿ ಕಾಲೇಜಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ಆಮೇಲೆ ಅದನ್ನೇ ಮರಾಠಿಯಲ್ಲಿ ಒಂದು ಪುಟ ಬರೆಯಲಿ. ಭಾಷೆಯ ತಪ್ಪಿಗೆ ಮೊದಲ ವರ್ಷ ಅಂಕ ಕಳೆಯದಿರಿ. ಸವಾಲು ಜವಾಬಿನ ಪದ್ಧತಿಯನ್ನು ತರಗತಿಗೆ ತನ್ನಿ. ಒಂದು ಸಾಲು ಪ್ರಶ್ನೆ ಹಾಕಲಿ, ಇನ್ನೊಂದು ಸಾಲು ಉತ್ತರಿಸಲಿ. ಗೈಡು ಕೈಯಲ್ಲಿದ್ದರೂ ಇರಲಿ. ಎದುರಿನವರ ಮರುಪ್ರಶ್ನೆಗೆ ಅದರಲ್ಲಿ ಉತ್ತರವಿರುವುದಿಲ್ಲ. ಹಳ್ಳಿಯ ವಿದ್ಯಾರ್ಥಿನಿಯರ ಬಸ್ಸು ಹೊರಡುವ ಮುಂಚೆ ಒಂದು ತಾಸು ಗ್ರಂಥಾಲಯವನ್ನು ವೇಳಾಪಟ್ಟಿಯಲ್ಲೇ ಸೇರಿಸಿ, ಅವರ ಬಿಡುವಿಗೆ ಬಿಡಬೇಡಿ.

ಈ ಪ್ರಯೋಗವನ್ನು ಒಂದು ವಿಭಾಗದಲ್ಲಿ, ಒಂದು ವಿಷಯದಲ್ಲಿ ಎರಡು ಸೆಮಿಸ್ಟರು ನಡೆಸಿ ನೋಡಿ. ಬಾಯಿಪಾಠ ಕಡಿಮೆಯಾಗದಿದ್ದರೆ ನನ್ನ ವಾದ ಬಿದ್ದಿತು, ಅಧ್ಯಾಪಕರ ಕೋಣೆಯ ಮಾತೇ ಗೆದ್ದಿತು ಎಂದು ಒಪ್ಪುತ್ತೇನೆ. ಇಷ್ಟು ಹೊತ್ತು ಶಾಂತವಾಗಿ ಕೇಳಿದ್ದೀರಿ. ಅಷ್ಟೊಂದು ಶಾಂತಿ ನನಗೆ ಬೇಕಿರಲಿಲ್ಲ. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಈಗ ಪ್ರಶ್ನೆಗಳಿಗೆ ಸಮಯ. ಕನ್ನಡದಲ್ಲೇ ಕೇಳಬೇಕೆಂದಿಲ್ಲ.